ಸ್ಟೇಡಿಯಂ ಹುಲ್ಲಿನ ಎರಡನೇ ಸ್ನಾನ

ವಿಶ್ವವಿದ್ಯಾಲಯದ ದವಾಖಾನೆಯ ಬೆಂಚಿನ ಮೇಲೆ ಸ್ಟೇಡಿಯಂನ ಮಾಲಿ ತನ್ನ ಸರದಿಗಾಗಿ ಕಾಯುತ್ತಿದ್ದ. ಪಕ್ಕದಲ್ಲಿ ಹಾಸ್ಟೆಲಿನ ಇಬ್ಬರು ಹುಡುಗಿಯರು ಮೊಣಕೈ ಕೆರೆದುಕೊಳ್ಳುತ್ತ ಮಾತಿಗಿಳಿದಿದ್ದರು. ಅವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

“ನಿನಗೂ ತುರಿಕೆನಾ?”

“ಮೂವರ ಕೋಣೇಲಿ ಏಳು ಜನ ಇದೀವಿ. ಒಬ್ಬಳಿಗೆ ಬಂದ್ರೆ ಎಲ್ಲರಿಗೂ ಬಂದ ಹಾಗೇ.”

“ಸ್ನಾನಕ್ಕೆ ನೀರಿಲ್ಲ ಅಂತ ವಾರ್ಡನ್‌ಗೆ ಹೇಳ್ಬೇಕಿತ್ತು.”

“ಹೇಳ್ದೆ. ಹೊಂದ್ಕೊಂಡು ಹೋಗಮ್ಮ ಅಂದ್ರು. ಅವರ ಕಿಟಕಿ ಆಚೆ ಸ್ಟೇಡಿಯಂ ಹುಲ್ಲಿಗೆ ಆ ದಿನದ ಎರಡನೇ ಸ್ನಾನ ನಡೀತಿತ್ತು.”

“ಹುಟ್ಟಿದ್ರೆ ಆ ಹುಲ್ಲಾಗಿ ಹುಟ್ಬೇಕು ಕಣೇ.”

“ಲೈಬ್ರರಿ ಪುಸ್ತಕಕ್ಕೆ ಗೆದ್ದಲು, ಲ್ಯಾಬಿಗೆ ಬೀಗ. ಸ್ಟೇಡಿಯಂ ಗ್ಯಾಲರಿಗೆ ಮಾತ್ರ ಹೊಸ ಕುರ್ಚಿ!”

“ಹೋಗ್ಲಿ, ಈ ವರ್ಷ ನಮ್ಮ ಟೀಮು ಏನು ಗೆಲ್ತು?”

“ಟಾಸು.”

ಮಾಲಿಗೂ ನಗು ಉಕ್ಕಿ ಬಂತು.

“ಥೂ, ಆ ಹುಲ್ಲಿಗೆ ನೀರು ಬಿಡೋನಿಗಾದ್ರೂ ನಾಚಿಕೆ ಬೇಡ್ವಾ?”

ಮಾಲಿ ಕಾಲುಗಳನ್ನು ಬೆಂಚಿನಡಿಗೆ ಎಳೆದುಕೊಂಡ.

ನರ್ಸ್ ಹುಡುಗಿಯರನ್ನು ಕರೆದಳು. ಮೊದಲು ಎದ್ದವಳು ಮರ್ಯಾದೆಗೆಂಬಂತೆ ಅವನತ್ತ ತಿರುಗಿದಳು.

“ನಿಮಗೇನಾಗಿದೆ, ತಾತ?”

“ಕಾಲ್ಬೆರಳ ಸಂದಿ ಕೊಳೆತಿದೆಯಮ್ಮ. ಬೆಳಿಗ್ಗೆ ಸಂಜೆ ನೀರಲ್ಲೇ ನಿಂತಿರ್ತೀನಲ್ಲ.”

“ನೀರಲ್ಲೇನಾ? ಎಲ್ಲಿ?”

“ಸ್ಟೇಡಿಯಂನಲ್ಲಿ.”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋದರು.