ಹುಣಸೆ ಬೀಜಕ್ಕೆ ಬಾರದ ಆಟ

ಚಿತ್ರದುರ್ಗದಲ್ಲಿ ಹಿರಿಯೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಂಬಳಿ ಹೊದ್ದ ಹಿರಿಯರೊಬ್ಬರು ತಮ್ಮ ಸೋದರಳಿಯ ಜುಂಜೇಶನನ್ನು ಕೇಳುತ್ತಿದ್ದರು.

"ಆ ಪೋಕರ್ ಇಸ್ಪೀಟು ಕಲಿಯಾಕೆ ಹುಣಸೆ ಬೀಜ ಪಣಕ್ಕಿಟ್ರೆ ಸಾಲ್ತಿರಲಿಲ್ವೇನಪ್ಪ?"

"ಬೀಜಕ್ಕಾದ್ರೆ ಯಾರೂ ಎಲೆ ಬಿಸಾಕಿ ಹಿಂದೆ ಸರಿಯಲ್ಲ ಮಾವ. ಕಳ್ಕಳೋ ಭಯ ಇದ್ರೇನೇ ಆಟ ಬರೋದು."

"ಅದಕ್ಕೆ ಟಗರು ಪಣಕ್ಕಿಟ್ಯಾ?"

"ಹೂಂ."

"ನಿನ್ ಮಗು ಉಳೀಲಿ ಅಂತ ಹರಕೆ ಹೊತ್ತು ದೇವರಿಗೆ ಬಿಟ್ಟಿದ್ದು ಕಣಲೇ ಅದು!"

ಜುಂಜೇಶ ಬಸ್ಸು ಬರುವ ದಾರಿಯತ್ತ ತಿರುಗಿ ನಿಂತ.

"ನಡಿ, ಕೈಕಾಲು ಹಿಡಿದು ಬಿಡಿಸ್ಕಂಡು ಬರಾಣ."

"ಗೆದ್ದೋರು ಅದನ್ನ ನಿನ್ನೆ ರಾತ್ರೀನೇ ಕಡಿದ್ರು ಮಾವ."

ಹಿರಿಯರು ಕಂಬಳಿಯನ್ನು ಬಿಗಿಯಾಗಿ ಎಳೆದು ಹೊದ್ದುಕೊಂಡರು.

"ಈಗ ಬಂತಾ ಆಟ?"

"ಯಾವಾಗ ಹಿಂದೆ ಸರೀಬೇಕಿತ್ತು ಅನ್ನೋದು ತಿಳೀತು."

ಬಸ್ಸು ಬಂತು. ಮಾವ ಹತ್ತಿ, ಪಕ್ಕದ ಸೀಟಿಗೆ ಕಂಬಳಿ ಹಾಕಿ ಜಾಗ ಹಿಡಿದರು. ಊರಿಗೆ ಮುಖ ತೋರಿಸಲಾರದೆ ಜುಂಜೇಶ ಹಿಂದೆ ಸರಿದ, ಹತ್ತಲಿಲ್ಲ. ಹಿರಿಯೂರಿನವರೆಗೂ ಅವರು ಆ ಕಂಬಳಿ ತೆಗೆಯಲಿಲ್ಲ.