ಗೀರಿಲ್ಲದ ಪಿಸ್ಟನ್

ಜಯನಗರ ನಾಲ್ಕನೇ ಬ್ಲಾಕಿನ ನಿಲ್ದಾಣದಲ್ಲಿ ಗೊಟ್ಟಿಗೆರೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸಿನ ಕೈಗೆ ಒಬ್ಬಾತ ಓಡಿಬಂದು ಪೇಪರ್ ಪೊಟ್ಟಣ ಕೊಟ್ಟ.

"ಏನ್ ಸೀನು ಇದು?"

"ಅಣ್ಣನ ಯಮಹಾದ ಪಿಸ್ಟನ್, ಅತ್ಗೆ. ಆಕ್ಸಿಡೆಂಟ್ ಆದ್ಮೇಲೆ ನಿನ್ನೆನೇ ಇಂಜಿನ್ ಬಿಚ್ಚಿದ್ದು."

"ನಂಗ್ಯಾಕೆ?"

"ನೋಡಿ, ಒಂದು ಗೀರಿಲ್ಲ. ಸವೆದ ಸಿಲಿಂಡರ್ ಬೋರ್ ಮಾಡ್ಸಿ ಹೊಸ ಪಿಸ್ಟನ್ ಹಾಕಿದ್ವಲ್ಲ, ಐನೂರು ಕಿಲೋಮೀಟರ್ ಆಗೋ ತನಕ ಸ್ಪೀಡು ನಲವತ್ತು ದಾಟಬಾರ್ದು. ಜೋರಾಗಿ ಓಡ್ಸಿದ್ರೆ ಉಜ್ಜಿ ಗೀರು ಬೀಳತ್ತೆ."

"ಸ್ಪೀಡಲ್ಲಿ ಹೋಗಿ ಜೀವ ಕಳ್ಕೊಂಡ ಅಂತಾರೆ ಮಾವ."

"ಇಲ್ಲ. ಅಣ್ಣ ನಿಧಾನಕ್ಕೇ ಬರ್ತಿದ್ದ. ಲಾರಿನೇ ಹಿಂದಿನಿಂದ ಗುದ್ದಿದ್ದು."

ಆಕೆ ಬಸ್ ಬರುವ ದಿಕ್ಕನ್ನೇ ನೋಡುತ್ತಿದ್ದಳು.

"ಅವತ್ತು ನಾನು ಗ್ಯಾರೇಜಲ್ಲಿದ್ದ ನಿಮ್ಮಣ್ಣಂಗೆ ಫೋನ್ ಮಾಡಿದ್ದೆ ಸೀನು. ಮಗೂಗೆ ಜ್ವರ, ಬೇಗ ಬನ್ನಿ ಅಂದಿದ್ದೆ. ಯಾರಿಗೂ ಹೇಳಿಲ್ಲ."

"ಬೇಗ ಬರ್ಲಿಲ್ಲ ಅತ್ಗೆ. ಅಣ್ಣ ನಿಮ್ ಮಾತು ಕೇಳ್ಲೇ ಇಲ್ಲ."

"ಇಂಜಿನ್ ವಿಷ್ಯದಲ್ಲಿ ಯಾವತ್ತು ಕೇಳಿದ್ರು."

ಬಸ್ಸು ಬಂತು. ಆಕೆ ಪೇಪರ್ ತೆಗೆದು, ಪಿಸ್ಟನ್ನನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಎಣ್ಣೆ ಇದೆ ಅತ್ಗೆ, ಸೀರೆಗೆ ಹತ್ತತ್ತೆ."

"ಹತ್ಲಿ ಬಿಡು," ಎಂದು ಬಸ್ ಏರಿದಳು.