ಎಂಬತ್ತೈದು ಕುದುರೆ, ಒಂದು ಕುಳ್ಳು

ಹಲೋ… ಹಲೋ… ಯಾರ್ರಿ ಮಾತಾಡೋರು?… ಹಾಂ?… ಯಾರು ಬೇಕಾಗ್ಯಾರ್ರಿ ನಿಮಗ?

ಹುಮನಾಬಾದಿನ ಅಡತಿ ವ್ಯಾಪಾರಿ ದೇವಿಂದ್ರಪ್ಪನವರ ಪಡಸಾಲೆಗೆ ಆ ಕರಿಯ ಯಂತ್ರ ಬಂದು ಕೂತಾಗಿನಿಂದ ಅವರ ಮಗಳು ಶೇವಂತಾ ಅದರ ಧೂಳು ಒರೆಸಿದ್ದಳೇ ಹೊರತು ಎತ್ತಿ ಕಿವಿಗೆ ಹಿಡಿದವಳಲ್ಲ. ಇವತ್ತು ಹಿಡಿಯಲೇಬೇಕಾಯಿತು. ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆ, ಅವಳದೇ ಲಗ್ನ, ಗೋಧೂಳಿಗೆ ಅಕ್ಷತೆ. ಗಂಡಸರು ಬೀಗರನ್ನು ಎದುರುಗೊಳ್ಳಲು ಕಲ್ಯಾಣಿ ರಸ್ತೆಯಲ್ಲಿ ಬಿಸಿಲು ಕಾಯುತ್ತಿದ್ದರು. ಹೆಂಗಸರು ಹಂದರದಲ್ಲಿದ್ದರು. ಮೈತುಂಬ ಅರಿಷಿಣ ಹಚ್ಚಿಕೊಂಡು ಒಳಗೆ ಒಬ್ಬಳೇ ಕೂತ ಮದುಮಗಳಿಗೆ ಟೆಲಿಫೋನು ಹಾಗೆ ಬಾಯಿ ಬಡಿದುಕೊಳ್ಳುವುದನ್ನು ಕೇಳುತ್ತ ಕೂಡಲು ಆಗಲಿಲ್ಲ.

ಹೌದ್ರಿ, ದೇವಿಂದ್ರಪ್ಪನವರ ಮನೀನೇ… ಯಾರು?… ವೈಜಿನಾಥಪ್ಪನವರಾ? ಕಲ್ಯಾಣಿಯಿಂದ?… ಶರಣ್ರಿ… ಶರಣು, ಶರಣು.

ವೈಜಿನಾಥಪ್ಪನವರೆಂದರೆ ಸಂಜೆಗೆ ಅವಳ ಮಾವನಾಗಬೇಕಾದವರು. ಶೇವಂತಾ ಸರಕ್ಕನೆ ಸೆರಗು ಎಳೆದುಕೊಂಡಳು. ಟೆಲಿಫೋನೂ ಸೆರಗಿನೊಳಗೆ ಬಂತು.

ನಾನಾ?… ನಾ ಯಾರಂದ್ರ… ನಾ ಬಾಳಮ್ಮ್ರಿ.

ಬಾಳಮ್ಮ ಹಿತ್ತಲಲ್ಲಿ ಖಾರ ಕುಟ್ಟುತ್ತಿದ್ದಳು. ಸುಬೇದಾರನೇ ಎದುರು ಬಂದರೂ ಒನಕೆ ಆನಿಸಿ ನಾಲ್ಕು ಮಾತು ಅಂದು ಕಳಿಸುವ ಹೆಂಗಸು. ಶೇವಂತಾಳಿಗೆ ಮಾತು ಇರಲಿಲ್ಲವೆಂದಲ್ಲ, ಇದ್ದ ಮಾತೆಲ್ಲ ಗಂಟಲಿಗೆ ಬಂದು ಅಲ್ಲೇ ಗಂಟು ಕಟ್ಟುತ್ತಿತ್ತು. ಬಾಳಮ್ಮನ ಹೆಸರು ಹೊದ್ದುಕೊಂಡದ್ದೇ ಆ ಗಂಟು ಎಲ್ಲಿ ಬಿಚ್ಚಿತೋ.

ಹಾಂ, ಖಾರ ಕುಟ್ಟೋ ಬಾಳಮ್ಮ… ಎಲ್ಲೀತನಕ ಬಂದೀರಿ? ರಾಜೇಶ್ವರ ದಾಟಿದ್ರೇನು?… ಏನಂದ್ರಿ?… ಇನ್ನೂ ಕಲ್ಯಾಣ್ಯಾಗೇ ಅದೀರಿ?… ಪೀರ್ ಪಾಷಾ ಸಾಹೇಬರ ಬಂಗ್ಲೇದಾಗ?… ಅಯ್ಯ ಶಿವನೆ! ಮೋಟಾರ್ ಕೊಡ್ತೀನಂದಿದ್ರಲ್ಲ ಸಾಹೇಬ್ರು, ಕೊಡಲಿಲ್ಲೇನು?… ಕೊಟ್ಟಾರ… ಮುಂದೇ ನಿಂತದ… ಎಷ್ಟು ಕುದುರೀದ್ರಿ?… ಎಂಬತ್ತೈದು!… ಹಾಂ, ಕೇಳಿಸ್ತ್ರಿ, ಎಂಬತ್ತೈದು. ಮತ್ತ ಮತ್ತ ಹೇಳಬ್ಯಾಡ್ರಿ.

ಈ ಲಗ್ನಕ್ಕೆ ಹತ್ತಿದ ಪೀಡೆಯೇ ಆ ಕುದುರೆಗಳು. ಮಾತು ಮುಗಿದಾಗ ವರ ಕಮಾನು ಗಾಡಿಯಲ್ಲಿ ಬರುವುದೆಂದಾಗಿತ್ತು. ಎರಡು ಎತ್ತು ಸಾಕಿದ್ದವು. ಅಷ್ಟರಲ್ಲಿ ಘಾಟಬೋರಾಳದವರು ಇಪ್ಪತ್ತು ಕುದುರೆ ಬಲದ ಹಳೆಯ ತಗಡಿನ ಮೋಟಾರಿನಲ್ಲಿ ಮಗನನ್ನು ಮೆರೆಸಿದರು. ವೈಜಿನಾಥಪ್ಪನವರು ನಲವತ್ತಕ್ಕೆ ಕಡಿಮೆ ಒಲ್ಲೆನೆಂದು ಲಗ್ನ ಮುಂದೆ ಹಾಕಿದರು. ನಲವತ್ತು ಸಿಗುವ ಹೊತ್ತಿಗೆ ದುಬಲಗುಂಡಿಯಲ್ಲಿ ಅರವತ್ತೈದರದು ಧೂಳೆಬ್ಬಿಸಿತು. ಮತ್ತೆ ಮುಂದೆ ಹಾಕಿದರು. ವಿಲಾಯತಿಯಲ್ಲಿ ಯಾರೋ ವರ್ಷ ವರ್ಷ ಮೋಟಾರಿಗೆ ಕುದುರೆ ಕೂಡಿಸುತ್ತ ಹೋದರು, ಹುಮನಾಬಾದಿನಲ್ಲಿ ಒಬ್ಬ ಹುಡುಗಿಗೆ ವಯಸ್ಸು ಕೂಡುತ್ತ ಹೋಯಿತು. ಕಡೆಗೆ ದೇವಿಂದ್ರಪ್ಪನವರು ನಿನ್ನೆ ಎಲ್ಲರೆದುರು ಅಂದುಬಿಟ್ಟರು: ಇವತ್ತೂ ಮುಹೂರ್ತ ತಪ್ಪಿದರೆ ಹಂದರ ಬಿಚ್ಚುವುದಿಲ್ಲ, ವರನನ್ನು ಬದಲಿಸುವುದು. ಬದಲಿ ವರ ಚಿಟಗುಪ್ಪದ ವಿಧುರ. ಎತ್ತಿನ ಗಾಡಿಯಲ್ಲಿ ಬೆಳಗ್ಗೆಯೇ ಬಂದು ಹಂದರದಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ.

ಮತ್ತ ಅಷ್ಟು ಕುದುರಿ ಇದ್ದೂ ಯಾಕ ನಿಂತೀರಿ?… ದೀಪಾ?… ಹಾಂ, ನಿಮ್ಮ ಮನಿದೇವರ ದೀಪ. ನಿಮ್ಮಲ್ಲಿ ಹಚ್ಚಿದ್ದು ಆರದಂಗ ನಮ್ಮ ಹಂದರಕ್ಕ ಬರಬೇಕು. ಗೊತ್ತದ್ರಿ… ಆರಿತು?… ಊರಬಾಗಿಲ ಅಗಸಿ ದಾಟಿದ ಕೂಡ್ಲೇ, ಗಾಳಿಗಿ?… ಹಾಂ… ತಿರುಗಿ ಮನಿಗಿ ಹೋಗಿ ಹಚಗೊಂಡು ಬಂದ್ರಿ… ಮತ್ತ ಆರಿತು?… ಅದೇ ಅಗಸ್ಯಾಗ?

ನಗಾಕತ್ತಿಲ್ರಿ… ಖಾರ ಮೂಗಿಗಿ ಏರ್ಯಾದ.

ಡ್ರೈವರ್ ಮಕ್ಬೂಲಗ ಸಾವಕಾಶ ಹೊಡಿ ಅನ್ರಲ್ಲ… ಅಂದ್ರಿ?… ಸಾವಕಾಶ ಹೊಡದ್ರ ಇಂಜಿನ್ ನೀರು ಕುದೀತದ?… ಕುದೀಲಾರದ ಏನ್ರಿ. ಎಂಬತ್ತೈದು ಕುದುರೀನ ಎತ್ತಿನ ನಡಗಿ ನಡಸಿದ್ರ ಅವಕ್ಕೂ ಸಿಟ್ಟು ಬರ್ತದ… ಮ್ಯಾಲಿನ ಛತ್ತರೆ ಏರಸ್ರಿ… ಯಾಕ?… ಛತ್ತು ಏರಿಸಿದ್ರ ಮಂದಿಗಿ ವರ ಕಾಣಂಗಿಲ್ಲ?… ಈಗೇನು ವರ ಕಾಣಾಕತ್ತಾನೇನ್ರಿ ನಮಗ?… ಕಂದೀಲದಾಗ ಇಡ್ರಿ… ಕಾಜಿನೊಳಗ ದೇವರು ಕೂಡಂಗಿಲ್ಲ ಅಂತಾರ ನಿಮ್ಮ ತಾಯಾರು… ಅಲ್ರಿ, ಅಗಸ್ಯಾಗಂತೂ ಕೂಡವಲ್ಲನಲ್ರಿ ನಿಮ್ಮ ದೇವರು!

ಆ ಕಡೆಯಿಂದ ಬಂದ ನಿಟ್ಟುಸಿರು ತಂತಿಯುದ್ದಕ್ಕೂ ಗರಗರ ಎಂದಿತು. ಶೇವಂತಾಳ ಕಣ್ಣು ಹಿತ್ತಲ ಗೋಡೆಗೆ ಬಡಿದ ಕುಳ್ಳಿನ ಮೇಲೆ ನಿಂತಿತು. ಬೆಳಗಾದರೆ ಓಣಿಯ ಹೆಂಗಸರು ಕುಳ್ಳಿನ ತುಂಡು ಹಿಡಿದು ಬೆಂಕಿ ಬೇಡಲು ಬರುವರು. ಒಂದು ಒಲೆಯ ಕೆಂಡ ಆ ಸಗಣಿಯ ಅಂಚಿನಲ್ಲಿ ಕೂತು ಓಣಿಯೆಲ್ಲ ಸುತ್ತುವುದು. ಗಾಳಿ ಬೀಸಿದರೆ ಯಾರೂ ಸೆರಗು ಮರೆ ಮಾಡುತ್ತಿರಲಿಲ್ಲ, ಕುಳ್ಳನ್ನೇ ಗಾಳಿಗೆ ಹಿಡಿಯುತ್ತಿದ್ದರು.

ಎಪ್ಪಾ, ಇಡಬ್ಯಾಡ್ರಿ, ಒಂದು ಮಾತು ಕೇಳ್ರಿ… ಮನ್ಯಾಗಿನ ದೀಪದ ಬೆಂಕಿ ಒಂದು ಕುಳ್ಳಿಗಿ ಹತ್ತಸ್ರಿ… ಕುಳ್ಳು, ಕುಳ್ಳು. ಎಮ್ಮಿ ಸಗಣೀದು… ಮಡಕ್ಯಾಗ ಇಟಗೊಂಡು ಬರ್ರಿ. ದೀಪ ಗಾಳಿಗಿ ಅಂಜತದ, ಕುಳ್ಳು ಅಂಜಂಗಿಲ್ಲ. ಗಾಳಿ ಹೊಡದಷ್ಟೂ ಕಣ್ಣು ಕೆಂಪು ಮಾಡತದ. ಮಕ್ಬೂಲ್ ಎಷ್ಟು ಓಡಸ್ತಾನ ಓಡಸಲಿ. ಇಲ್ಲಿ ಬಂದು ಅದರಿಂದಲೇ ದೀಪ ಹಚ್ಚರಿ… ಅದೇ ಬೆಂಕಿ ಅಲ್ಲೇನ್ರಿ? ಅದೇ ದೇವರು. ಹಾದ್ಯಾಗ ಸಗಣಿ ಮ್ಯಾಲ ಕುಂತು ಬಂದ, ಅಷ್ಟೇ.

ಹಾಂ?… ಎಂಬತ್ತೈದರ ಮೋಟಾರಿನ್ಯಾಗ ಸಗಣಿ?… ಯಾಕಾಗವಲ್ದು?… ಮಂದಿ ನಗ್ತಾರ?… ಎಪ್ಪಾ, ಎಂಬತ್ತೈದು ಕುದುರಿ ತಂದೀರಿ, ಒಂದರೆ ಒಂದು ಬುಟ್ಟಿ ಲದ್ದಿ ಹಾಕ್ಯಾದೇನು? ಅಡಚಣ್ಯಾಗ ಎಮ್ಮೀನೇ ಬೇಕಾತಲ್ರಿ!

ಸಿಟ್ಟಾಗಬ್ಯಾಡ್ರಿ… ಯಾರ ಕೈಯಾಗ ಕೊಡ್ತೀರಿ?… ನಕೋ, ನಕೋ… ಎಪ್ಪಾ, ಅವರ ಕೈಯಾಗ ಬ್ಯಾಡ್ರಿ…

ಟೆಲಿಫೋನು ಮಗನ ಕೈಗೆ ಕೊಟ್ಟೇಬಿಟ್ಟರು. ಆ ದನಿಯನ್ನು ಅವಳು ಒಂದೇ ಸಲ ಕೇಳಿದ್ದಳು. ಕನ್ಯೆ ನೋಡಲು ಬಂದ ದಿನ ಹಿರಿಯರೆಲ್ಲ ಮೂಗಿ ಏನವ್ವಾ, ಓದಾಕ ಬರ್ತದೇನವ್ವಾ ಎಂದು ಕುಟುಕುತ್ತಿದ್ದಾಗ, ಚಾಪೆಯ ಅಂಚಿನಲ್ಲಿದ್ದ ವರ ನಾಗನಾಥ, ಅವರಿಗಿ ಮೊದಲ ಒಂದು ತಂಬಿಗಿ ನೀರು ಕೊಡ್ರಿ ಅಂದಿದ್ದ. ಆ ನೀರು ಕುಡಿದಾಗಿನಿಂದ ಅವಳು ಕುದುರೆಗಳನ್ನೆಲ್ಲ ಸಹಿಸಿಕೊಂಡು ಬಂದಿದ್ದಳು.

ಹಲೋ… ಹಾಂ… ಬಾಳಮ್ಮ್ರಿ… ಹುಡುಗಿ? ಆರಾಮ ಅದಾಳ್ರಿ… ಇಲ್ಲ, ಅಳಾಕತ್ತಿಲ್ಲ… ಸಿಟ್ಟು? ಅದ. ನಿಮ್ಮ ಮ್ಯಾಲ ಅಲ್ರಿ, ಕುದುರಿ ಮ್ಯಾಲ… ಆಕಿಗಿ ಎಷ್ಟು ಬೇಕು?… ಒಂದೂ ಬ್ಯಾಡಂತ. ಹೊತ್ತಿಗಿ ಬಂದ್ರ ಸಾಕಂತ… ಇಲ್ಲಿ ಚಿಟಗುಪ್ಪದಾಂವ ಬಂದು ಕುಂತಾನ್ರಿ… ಹಾಂ, ಅವನೇ, ಮೀಸಿಗಿ ಕರೀ ಬಣ್ಣ ಹಚಗೊಳ್ಳಾಂವ. ಬಿಸಿಲಿಗಿ ಕರಗಿ ಗದ್ದಕ್ಕ ಇಳದದ… ನಗೂ ಮಾತಲ್ರಿ! ಮುಹೂರ್ತ ತಪ್ಪಿದ್ರ ಅಪ್ಪ… ಅಂದ್ರ, ದೇವಿಂದ್ರಪ್ಪನವರು ಅವನಿಗೇ ಬಾಸಿಂಗ ಕಟ್ತಾರ. ಖರೇನೇ ಕಟ್ತಾರ.

ಕೆಂಡದ ಮಡಕಿ ನೀವೇ ಹಿಡ್ಕೊಂಡು ಮುಂದ ಕುಂದ್ರರಿ. ಪೆಟ್ರೋಲ್ ಡಬ್ಬಿ ಇಳಿಸಿ ಬರ್ರಿ ಮತ್ತ… ಅಪ್ಪಾರು ಒಪ್ಪಂಗಿಲ್ಲ?… ಹಾಂ… ಹಾಂ… ಅಲ್ರಿ, ಹೊರಗ ಎಂಬತ್ತೈದು ನಿಂತಾವ. ನಿಮ್ಮೊಳಗ ಒಂದರೆ ಅದನೋ ಇಲ್ಲೋ?

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಬಾಳಮ್ಮನೂ ಇಷ್ಟು ಅನ್ನುತ್ತಿರಲಿಲ್ಲವೇನೋ. ಆಮೇಲೆ ನಾಗನಾಥನ ದನಿ ಬಹಳ ಮೆತ್ತಗೆ ಏನೋ ಕೇಳಿತು.

ನಾ ಯಾರಾ?… ಹೇಳಿದ್ನೆಲ್ರಿ… ಏನು?… ಬಾಳಮ್ಮ ಆದ್ರ ಗಂಡನ ಹೆಸರು ಹೇಳಬೇಕಾ?… ಒಡಪು ಹಚ್ಚಿ?

ಗಂಡನ ಹೆಸರನ್ನು ಹೆಂಗಸು ಬರಿದೇ ಎತ್ತುವಂತಿಲ್ಲ; ಪ್ರಾಸದ ಒಡಪಿನಲ್ಲಿ ಸುತ್ತಿ ಹೇಳಬೇಕು, ಅದೂ ನಾಲ್ಕು ಮಂದಿ ಬಾಗಿಲಿಗೆ ಅಡ್ಡ ನಿಂತು ಕಾಡಿದ ಮೇಲೆ. ಬಾಳಮ್ಮನ ಗಂಡನ ಹೆಸರು ಶೇವಂತಾಳಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಪಾರಾಗುತ್ತಿದ್ದಳು. ನಡುವೆ ಎಕ್ಸ್‌ಚೇಂಜಿನವನ ಒರಟು ದನಿ ಹೊತ್ತಾಯಿತೆಂದು ಗದರಿತು. ಶೇವಂತಾ ತಲೆಯ ಮೇಲಿನ ಸೆರಗು ಹಿಂದಕ್ಕೆ ತಳ್ಳಿದಳು.

ತಡೀರಿ, ಕಟ್ ಮಾಡಬ್ಯಾಡ್ರಿ ಸಾಬ್… ಕೇಳಸಾಕತ್ತದೇನ್ರಿ?… ಹೇಳ್ತೀನಿ…

ಇಪ್ಪತ್ತು ಹೋಗಿ ನಲವತ್ತಾತು, ನಲವತ್ತು ಹೋಗಿ ಎಂಬತ್ತ,
ಕುಳ್ಳಿನ ಕೆಂಡ ಕೈಯಾಗ ಹಿಡದು ನಾಗನಾಥರು ಬರಲಿ ಇವತ್ತ.

ಹಿತ್ತಲಲ್ಲಿ ಒನಕೆಯ ಸಪ್ಪಳ ಧಪ್ ಧಪ್ ಎನ್ನುತ್ತಿತ್ತು. ಅವಳ ಎದೆಯದೂ ಅದೇ.

ಹಾಂ?… ಬಾಳಮ್ಮಾ?… ಆಕಿ ಹಿತ್ತಲದಾಗ ಖಾರ ಕುಟ್ಟಾಕತ್ತಾಳ್ರಿ… ಹೌದು, ಆಗಿಂದೂ ಅಲ್ಲೇ ಅದಾಳ… ನಗಬ್ಯಾಡ್ರಿ… ಹಲೋ?… ಎಲ್ಲಿ ಹೋದ್ರಿ?

ಅವನು ಟೆಲಿಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಹೋಗಿದ್ದ. ದೂರದಲ್ಲಿ ಓಡುವ ಹೆಜ್ಜೆ, ಯಾರನ್ನೋ ಮಡಕೆ ಕೇಳಿದ ಗದ್ದಲ, ಸಗಣಿ ಸಗಣಿ ಎಂದು ವೈಜಿನಾಥಪ್ಪನವರು ಅರಚಿದ ದನಿ. ಅದರ ಮೇಲೆ ಧಡ್ಡನೆ ಒಂದು ಬಾಗಿಲು. ಆಮೇಲೆ ಎಂಬತ್ತೈದೂ ಕುದುರೆ ಒಮ್ಮೆಲೇ ಕೆನೆದವು. ಅವಳ ಕಿವಿಯ ಓಲೆ ನಡುಗಿತು.

ಹಲೋ… ಯಾರರೆ ಅದೀರೇನ್ರಿ ಅಲ್ಲಿ?… ಮಕ್ಬೂಲಗ ಹೇಳ್ರಿ, ಅಗಸ್ಯಾಗ ಸಾವಕಾಶ ಮಾಡಬ್ಯಾಡ ಅನ್ರಿ… ಜೋರ ಹೊಡಿ ಅನ್ರಿ, ಗಾಳಿ ಹತ್ತಲಿ ಕೆಂಡಕ್ಕ… ಹಲೋ… ಹಲೋ…